ಒಬ್ಬ ನಾಯಕನ ಆತ್ಮಕಥೆ, ಒಂದು ಮೂಟೆ ಕೊಕೊ

ಹೋದ ತಿಂಗಳ ಸಂಘದ ಸಭೆಯಲ್ಲಿ ನಾನು ಕ್ವಾಮೆ ಎನ್‌ಕ್ರುಮಾ ಅವರ ಆತ್ಮಕಥೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಚಪ್ಪಾಳೆಯೂ ಬಿತ್ತು. ಆಮೇಲೆ ಚಹಾ ಕುಡಿಯುವಾಗ ಎಂ.ಎ. ಓದುತ್ತಿರುವ ಅಕ್ಕ ಒಬ್ಬರು, "ಚೆನ್ನಾಗಿ ಹೇಳಿದೆ ಕಣೋ. ಆದರೆ ಪುಸ್ತಕ ಮುಗಿದ ಮೇಲೆ ಆ ಮನುಷ್ಯನಿಗೆ ಏನಾಯ್ತು ಅಂತ ಹೇಳಲೇ ಇಲ್ಲವಲ್ಲ?" ಅಂದರು. ನಿಜ ಹೇಳಬೇಕೆಂದರೆ ನನಗೆ ಗೊತ್ತೇ ಇರಲಿಲ್ಲ. ಪುಸ್ತಕದ ಕೊನೆಯ ಪುಟದಲ್ಲಿ ದೇಶ ಸ್ವತಂತ್ರವಾಗುವ ಹೊಸ್ತಿಲಿಗೆ ಬಂದಿತ್ತು, ನಾನೂ ಅಲ್ಲಿಗೇ ನಿಂತುಬಿಟ್ಟಿದ್ದೆ.

ನಾವು ಕಾಮರ್ಸಿನವರು ಮೊದಲ ವರ್ಷದಲ್ಲೇ ಒಂದು ಪಾಠ ಕಲಿಯುತ್ತೇವೆ. ಲೆಕ್ಕದಲ್ಲಿ ತಪ್ಪಾದರೆ ಅದನ್ನು ಕೆರೆದು ಅಳಿಸಬಾರದು. ತಪ್ಪನ್ನು ಹಾಗೇ ಬಿಟ್ಟು, ಕೆಳಗೆ ತಿದ್ದುಪಡಿಯ ನಮೂದು ಹಾಕಬೇಕು. ಈ ಲೇಖನ ಅಂಥ ಒಂದು ನಮೂದು.

ದೇಶ ಮತ್ತು ಪುಸ್ತಕ

ಪಶ್ಚಿಮ ಆಫ್ರಿಕಾದ ಘಾನಾ ದೇಶಕ್ಕೆ ಬ್ರಿಟಿಷರು ಇಟ್ಟ ಹೆಸರು ಗೋಲ್ಡ್ ಕೋಸ್ಟ್, ಅಂದರೆ ಚಿನ್ನದ ಕರಾವಳಿ. ವಿಸ್ತೀರ್ಣದಲ್ಲಿ ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದು. ಆದರೆ ಜನ ಕಡಿಮೆ: 1960ರ ಗಣತಿಯಲ್ಲಿ ಸುಮಾರು 67 ಲಕ್ಷ. ಸಹಾರಾದ ದಕ್ಷಿಣಕ್ಕಿದ್ದ ಬ್ರಿಟಿಷ್ ವಸಾಹತುಗಳಲ್ಲಿ ಮೊದಲು ಸ್ವತಂತ್ರವಾದದ್ದು ಇದೇ, 1957ರ ಮಾರ್ಚ್ 6ರಂದು. ಎನ್‌ಕ್ರುಮಾ ಅವರ ಆತ್ಮಕಥೆ ಹೊರಬಂದದ್ದೂ ಅದೇ ವರ್ಷ. ಪುಸ್ತಕದ ಹೆಸರೇ 'ಘಾನಾ'. ತನ್ನ ಜೀವನಚರಿತ್ರೆಗೆ ದೇಶದ ಹೆಸರನ್ನೇ ಇಟ್ಟದ್ದು ಮೊದಲ ಸಲ ಓದಿದಾಗ ನನಗೆ ದೊಡ್ಡತನವಾಗಿ ಕಂಡಿತ್ತು. ಈಗ ಅಲ್ಲಿ ಸ್ವಲ್ಪ ನಿಂತು ಯೋಚಿಸಬೇಕು ಅನ್ನಿಸುತ್ತದೆ.

ಹುಟ್ಟಿದ ದಿನದ ಲೆಕ್ಕ

ಪುಸ್ತಕ ಶುರುವಾಗುವುದೇ ಒಂದು ಅನುಮಾನದಿಂದ. ತಾನು ಯಾವ ವರ್ಷ ಹುಟ್ಟಿದೆ ಅಂತ ಲೇಖಕರಿಗೇ ಖಚಿತವಿಲ್ಲ. ಎನ್‌ಕ್ರೋಫುಲ್ ಎಂಬ ಹಳ್ಳಿಯಲ್ಲಿ, ಸೆಪ್ಟೆಂಬರ್ ನಡುವಿನ ಒಂದು ಶನಿವಾರ ಹುಟ್ಟಿದ್ದು ಮಾತ್ರ ನಿಜ. ಶನಿವಾರ ಹುಟ್ಟಿದ ಗಂಡುಮಗುವಿಗೆ ಅಲ್ಲಿ ಕ್ವಾಮೆ ಅಂತ ಹೆಸರು. 1913ರಲ್ಲಿ ಬಕಾನಾ ಎಂಬ ಹಡಗು ಅವರ ಕಡಲತೀರದಲ್ಲಿ ಸಿಕ್ಕಿಬಿದ್ದು ಒಡೆಯಿತು. ಅದನ್ನು ಗುರುತಾಗಿಟ್ಟುಕೊಂಡು ತಾಯಿ ಹೇಳುವ ವರ್ಷ 1912. ದೀಕ್ಷಾಸ್ನಾನ ಮಾಡಿಸಿದ ಪಾದ್ರಿ ಅಂದಾಜಿನ ಮೇಲೆ ಬರೆದುಕೊಂಡದ್ದು 1909ರ ಸೆಪ್ಟೆಂಬರ್ 21. ಕಾಗದದಲ್ಲಿ ಉಳಿದದ್ದು ಪಾದ್ರಿಯ ತಾರೀಖೇ.

ಇದನ್ನು ಓದಿ ನಾನು ನಕ್ಕೆ. ಯಾಕಂದರೆ ನನ್ನ ಅಪ್ಪನ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಜನ್ಮದಿನ ಜೂನ್ 1. ಅವರ ತರಗತಿಯ ಅರ್ಧ ಹುಡುಗರದ್ದೂ ಜೂನ್ 1. ಹೆಡ್‌ಮಾಸ್ತರರು ಶಾಲೆ ಶುರುವಾಗುವ ದಿನಕ್ಕೆ ಎಲ್ಲರನ್ನೂ ಹುಟ್ಟಿಸಿಬಿಟ್ಟಿದ್ದರು! ನಮ್ಮ ಅಜ್ಜಿಯ ಲೆಕ್ಕ ಬೇರೆ: "ಆ ವರ್ಷ ಹೊಳೆ ತುಂಬಿ ಗದ್ದೆ ಕೊಚ್ಚಿಕೊಂಡು ಹೋಗಿತ್ತಲ್ಲ, ಅದರ ಮುಂದಿನ ದೀಪಾವಳಿಗೆ." ಹೀಗಾಗಿ ಎನ್‌ಕ್ರುಮಾ ನನಗೆ ಮೊದಲ ಪುಟದಲ್ಲೇ ನಮ್ಮೂರಿನವರಾಗಿಬಿಟ್ಟರು. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಆತ್ಮಕಥೆಯ ಮೊದಲ ಶಕ್ತಿ ಇದೇ, ನಮ್ಮ ನಂಬಿಕೆಯನ್ನು ಗಳಿಸುತ್ತದೆ. ನನಗೆ ಗೊತ್ತಿಲ್ಲ ಅಂತ ಒಪ್ಪಿಕೊಂಡವನು ಮುಂದೆ ಹೇಳುವುದನ್ನೆಲ್ಲ ನಾವು ಪ್ರಶ್ನೆಯಿಲ್ಲದೆ ಒಪ್ಪಿಕೊಳ್ಳುತ್ತೇವೆ.

ಜೈಲಿನಿಂದ ಅಧಿಕಾರಕ್ಕೆ

ಮುಂದಿನ ಕಥೆ ಸಂಕ್ಷೇಪವಾಗಿ ಹೀಗಿದೆ. 1935ರಲ್ಲಿ ಅಮೆರಿಕಕ್ಕೆ ಹೋಗಿ ಲಿಂಕನ್ ವಿಶ್ವವಿದ್ಯಾಲಯದಲ್ಲಿ ಓದು, ಹೊಟ್ಟೆಪಾಡಿಗೆ ಸಿಕ್ಕಿದ ಕೆಲಸ. 1945ರಲ್ಲಿ ಲಂಡನ್ನು, ಮ್ಯಾಂಚೆಸ್ಟರಿನ ಅಖಿಲ ಆಫ್ರಿಕಾ ಸಮ್ಮೇಳನ. 1947ರ ಕೊನೆಗೆ ತಾಯ್ನಾಡಿಗೆ ವಾಪಸ್, ಡಾನ್ಕ್ವಾ ಮೊದಲಾದ ವಕೀಲರು, ವ್ಯಾಪಾರಿಗಳು ಕಟ್ಟಿದ್ದ ಪಕ್ಷಕ್ಕೆ ಕಾರ್ಯದರ್ಶಿಯಾಗಿ.

1948ರ ಫೆಬ್ರವರಿ 28. ಎರಡನೇ ಮಹಾಯುದ್ಧದಲ್ಲಿ ಹೋರಾಡಿ ಬಂದ ಮಾಜಿ ಸೈನಿಕರು ಅಕ್ರಾ ನಗರದಲ್ಲಿ ಗವರ್ನರಿಗೆ ಮನವಿ ಕೊಡಲು ಮೆರವಣಿಗೆ ಹೊರಟರು. ಗೋಲ್ಡ್ ಕೋಸ್ಟಿನ ಪಡೆಗಳು ಬರ್ಮಾದಲ್ಲಿ ನಮ್ಮ ಭಾರತೀಯ ಸೈನಿಕರ ಪಕ್ಕದಲ್ಲೇ ಜಪಾನಿನ ವಿರುದ್ಧ ಕಾದಿದ್ದವು ಎಂಬುದನ್ನು ನಾವು ಮರೆಯಬಾರದು. ಪೊಲೀಸರ ಗುಂಡಿಗೆ ಮೂವರು ಬಿದ್ದರು. ಊರು ಹೊತ್ತಿ ಉರಿಯಿತು. ಡಾನ್ಕ್ವಾ, ಎನ್‌ಕ್ರುಮಾ ಸೇರಿ ಆರು ಮಂದಿ ನಾಯಕರು ಬಂಧನಕ್ಕೊಳಗಾದರು. ಈ ಹೆಸರುಗಳನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ಹಿರಿಯರು 'ಆದಷ್ಟು ಬೇಗ ಸ್ವರಾಜ್ಯ' ಅಂದರೆ ಎನ್‌ಕ್ರುಮಾ 'ಈಗಲೇ' ಅಂದರು. 1949ರ ಜೂನ್‌ನಲ್ಲಿ ಬೇರೆ ಪಕ್ಷ ಕಟ್ಟಿದರು. 1950ರ ಜನವರಿಯಲ್ಲಿ ಗಾಂಧೀಜಿಯವರ ದಾರಿಯನ್ನು ನೆನೆದು ಮುಷ್ಕರ, ಬಹಿಷ್ಕಾರಗಳ ಚಳುವಳಿ ಹೂಡಿದರು. ಸರಕಾರ ಅವರನ್ನು ಜೇಮ್ಸ್ ಫೋರ್ಟ್ ಜೈಲಿಗೆ ಕಳಿಸಿತು. ಒಳಗಿಂದ ಶೌಚದ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು ಹೊರಗೆ ದಾಟಿಸುತ್ತ ಪಕ್ಷ ನಡೆಸಿದರು. 1951ರ ಫೆಬ್ರವರಿ 8ರ ಚುನಾವಣೆಯಲ್ಲಿ ಅಕ್ರಾದಿಂದ ಕೈದಿಯಾಗಿಯೇ ನಿಂತರು. ಬಿದ್ದ 23,122 ಮತಗಳಲ್ಲಿ 22,780 ಅವರಿಗೆ. ನಾಲ್ಕೇ ದಿನದಲ್ಲಿ ಗವರ್ನರ್ ಆರ್ಡನ್-ಕ್ಲಾರ್ಕ್ ಬಿಡುಗಡೆ ಮಾಡಿ, ಸರಕಾರ ನಡೆಸಲು ಕರೆದರು. ಜೈಲಿಗೆ ಹೋಗಿಬಂದವರು 'ಜೈಲು ಪದವೀಧರ' ಎಂಬುದರ ಅಕ್ಷರಗಳನ್ನು ಕಸೂತಿ ಹಾಕಿದ ಟೋಪಿ ಧರಿಸಿ ಹೆಮ್ಮೆಯಿಂದ ಓಡಾಡಿದರು.

ಹೋದ ತಿಂಗಳು ನಾನು ಹೇಳಿದ್ದು ಇಷ್ಟನ್ನೇ. ಇದರಲ್ಲಿ ಸುಳ್ಳಿಲ್ಲ.

ಒಂದು ಮೂಟೆ ಕೊಕೊ

ಆದರೆ ಪುಸ್ತಕದಲ್ಲಿ ನಾನು ಬೇಗಬೇಗ ದಾಟಿಹೋದ ಪುಟಗಳಿದ್ದವು. ಕಾಮರ್ಸ್ ವಿದ್ಯಾರ್ಥಿಯಾಗಿ ನಾನು ನಿಲ್ಲಬೇಕಾಗಿದ್ದದ್ದು ಅಲ್ಲೇ.

ಚಾಕಲೇಟು ಮಾಡುವ ಕೊಕೊ ಆ ದೇಶದ ಮುಖ್ಯ ರಫ್ತು. ಬೆಳೆಯುವವರು ಹೆಚ್ಚಾಗಿ ಸಣ್ಣ ಹಿಡುವಳಿಯ ರೈತರು, ದೊಡ್ಡ ಪಾಲು ಒಳನಾಡಿನ ಅಶಾಂಟಿ ಪ್ರಾಂತ್ಯದಲ್ಲಿ. 1947ರಿಂದ ಕೊಕೊ ಕೊಳ್ಳುವ, ಹೊರದೇಶಕ್ಕೆ ಮಾರುವ ಅಧಿಕಾರ ಸರಕಾರಿ ಮಾರಾಟ ಮಂಡಳಿಯದು. 1954ರ ಆಗಸ್ಟಿನಲ್ಲಿ ಎನ್‌ಕ್ರುಮಾ ಸರಕಾರ ಕಾಯಿದೆ ತಂದು ರೈತನಿಗೆ ಸಿಗುವ ಬೆಲೆಯನ್ನು ನಾಲ್ಕು ವರ್ಷಕ್ಕೆ ಕಟ್ಟಿಹಾಕಿತು: 60 ಪೌಂಡ್ ತೂಕದ ಒಂದು ಮೂಟೆಗೆ 72 ಶಿಲ್ಲಿಂಗ್.

ಕಾಗದ ಪೆನ್ಸಿಲು ತೆಗೆದುಕೊಳ್ಳಿ. ಒಂದು ಇಂಗ್ಲಿಷ್ ಟನ್ ಅಂದರೆ 2,240 ಪೌಂಡ್ ತೂಕ, ಅಂದರೆ ಮೂವತ್ತೇಳೂ ಚಿಲ್ಲರೆ ಮೂಟೆ. ಮೂಟೆಗೆ 72ರಂತೆ 2,688 ಶಿಲ್ಲಿಂಗ್. ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡ್ ಹಣ. ಟನ್ನಿಗೆ ರೈತನ ಕೈಗೆ ಬಂದದ್ದು ಸುಮಾರು 134 ಪೌಂಡ್. ಆ ವರ್ಷ ಲಂಡನ್ ಪೇಟೆಯಲ್ಲಿ ಕೊಕೊ ಅದರ ಎರಡು ಪಟ್ಟಿಗೂ ಮಿಕ್ಕಿ ಮಾರುತ್ತಿತ್ತು. ನಡುವಿನ ಹಣ ಎಲ್ಲಿ ಹೋಯಿತು?

ಎನ್‌ಕ್ರುಮಾ ಕೊಡುವ ಉತ್ತರ ಹಗುರವಾದದ್ದಲ್ಲ. ಅಷ್ಟೂ ಹಣ ಒಮ್ಮೆಲೇ ಊರಿಗೆ ಬಂದರೆ ಸಾಮಾನಿನ ಬೆಲೆ ಏರುತ್ತದೆ, ಬಡವನಿಗೆ ಹೊಡೆತ. ಅದೇ ಹಣ ಸರಕಾರದಲ್ಲಿದ್ದರೆ ಶಾಲೆ, ರಸ್ತೆ, ಆಸ್ಪತ್ರೆ ಆಗುತ್ತದೆ, ಇಡೀ ದೇಶದ್ದಾಗುತ್ತದೆ. ಮುಂದೆ ಆದದ್ದೂ ಉಂಟು: 1962ರಲ್ಲಿ ಟೆಮಾ ಬಂದರು, 1966ರಲ್ಲಿ ಉದ್ಘಾಟನೆಯಾದ ವೋಲ್ಟಾ ನದಿಯ ಅಕೋಸೊಂಬೊ ಅಣೆಕಟ್ಟು. ಪೇಟೆ ಬೆಲೆ ಬಿದ್ದಾಗ ಕಟ್ಟಿದ ಬೆಲೆ ರೈತನನ್ನು ಕಾಯುತ್ತದೆ ಎಂಬುದೂ ಸುಳ್ಳಲ್ಲ. ಒಂದೆರಡು ವರ್ಷದಲ್ಲೇ ಪೇಟೆ ಇಳಿದದ್ದು ನಿಜ.

ಆದರೆ ಅಶಾಂಟಿಯ ರೈತನ ಕಡೆಯಿಂದ ನೋಡಿ. ಬೆವರು ನನ್ನದು, ಬೆಲೆ ಕಟ್ಟುವವನು ಅಕ್ರಾದಲ್ಲಿ ಕೂತವನು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕಾಯಿದೆ ಬಂದ ಮರುತಿಂಗಳೇ ಕುಮಾಸಿ ನಗರದಲ್ಲಿ ವಿರೋಧ ಪಕ್ಷ ಹುಟ್ಟಿತು. ಪ್ರಾಂತ್ಯಗಳಿಗೆ ಅಧಿಕಾರ ಇರುವ ಒಕ್ಕೂಟ ಬೇಕು ಅಂತ ಕೇಳಿತು. ಹೊಡೆದಾಟ, ಸಾವುನೋವು ಆಯಿತು. ಬ್ರಿಟಿಷರು ಇದನ್ನೇ ಹಿಡಿದು, ಇನ್ನೊಂದು ಚುನಾವಣೆ ಗೆದ್ದು ತೋರಿಸಿ, ಆಮೇಲೆ ಸ್ವಾತಂತ್ರ್ಯ ಅಂದರು. 1956ರ ಜುಲೈಯಲ್ಲಿ ಎನ್‌ಕ್ರುಮಾ ಪಕ್ಷ 104ರಲ್ಲಿ 71 ಸ್ಥಾನ ಗೆದ್ದಿತು. ಪುಸ್ತಕದಲ್ಲಿ ಈ ವಿರೋಧಿಗಳು ದೇಶ ಒಡೆಯಲು ಹೊರಟವರಾಗಿ ಕಾಣುತ್ತಾರೆ. ಮೂಟೆ ಹೊತ್ತ ರೈತನ ದನಿ ನನಗೆ ಅಲ್ಲಿ ಸರಿಯಾಗಿ ಕೇಳಿಸಲಿಲ್ಲ.

ರಜೆಗೆ ಊರಿಗೆ ಹೋದಾಗ ಈ ಲೆಕ್ಕವನ್ನು ಅಜ್ಜನ ಮುಂದಿಟ್ಟೆ. ನಮ್ಮದು ಮೂಡಿಗೆರೆ ಕಡೆ, ಮೂರು ಎಕರೆ ಕಾಫಿ. 1996ರಲ್ಲಿ ಪೂರ್ತಿ ಮುಗಿಯುವವರೆಗೆ ನಮ್ಮಲ್ಲೂ ಕಾಫಿಗೆ 'ಪೂಲ್' ಪದ್ಧತಿ ಇತ್ತು. ಬೆಳೆಗಾರ ಬೆಳೆಯನ್ನು ಒಂದೇ ಕಡೆ ಒಪ್ಪಿಸಬೇಕು, ಹಣ ಕಂತಿನಲ್ಲಿ ಬರುತ್ತದೆ. ಅಜ್ಜ ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡರು. "ಒಟ್ಟಿಗೆ ಮಾರೋದು ತಪ್ಪಲ್ಲ ಮಾರಾಯ. ಪೇಟೆ ಬಿದ್ದಾಗ ಸಣ್ಣವನಿಗೆ ಅದೇ ಆಸರೆ. ಆದ್ರೆ ಎಷ್ಟಕ್ಕೆ ಮಾರಿದ್ವಿ, ಎಷ್ಟು ಹಿಡ್ಕೊಂಡ್ವಿ, ಯಾಕೆ ಹಿಡ್ಕೊಂಡ್ವಿ ಅಂತ ಕೂರಿಸಿ ಹೇಳ್ಬೇಕು. ಹೇಳ್ದೆ ಇದ್ರೆ ದೇವ್ರು ಹಿಡ್ಕೊಂಡ್ರೂ ಅನುಮಾನ ಬರುತ್ತೆ" ಅಂದರು. ನಮ್ಮ ಅಜ್ಜ ನಾಲ್ಕನೇ ಕ್ಲಾಸು. ನನ್ನ ಆಡಿಟಿಂಗ್ ಪುಸ್ತಕದಲ್ಲಿ ಇದನ್ನೇ ನಲವತ್ತು ಪುಟದಲ್ಲಿ ಬರೆದಿದ್ದಾರೆ.

ಪುಸ್ತಕ ಮುಗಿದ ಮೇಲೆ

ಈಗ ಅಕ್ಕನ ಪ್ರಶ್ನೆಗೆ ಉತ್ತರ. 1958ರಲ್ಲಿ ಎನ್‌ಕ್ರುಮಾ ಸರಕಾರ, ವಿಚಾರಣೆಯಿಲ್ಲದೆ ಐದು ವರ್ಷದವರೆಗೆ ಬಂಧನದಲ್ಲಿಡಬಹುದಾದ ಕಾಯಿದೆ ಮಾಡಿತು. 1960ರಲ್ಲಿ ದೇಶ ಗಣರಾಜ್ಯವಾಯಿತು, ಅವರು ಅಧ್ಯಕ್ಷರಾದರು. 1964ರಲ್ಲಿ ಒಂದೇ ಪಕ್ಷದ ರಾಜ್ಯ. 1948ರಲ್ಲಿ ಅವರ ಜೊತೆ ಬಂಧನಕ್ಕೊಳಗಾಗಿದ್ದ ಡಾನ್ಕ್ವಾ 1965ರ ಫೆಬ್ರವರಿಯಲ್ಲಿ ಸ್ವತಂತ್ರ ಘಾನಾದ ಜೈಲಿನಲ್ಲೇ ತೀರಿಕೊಂಡರು. ಅದೇ ವರ್ಷ ಕೊಕೊ ಪೇಟೆ ಕುಸಿಯಿತು. 1966ರ ಫೆಬ್ರವರಿ 24ರಂದು ಎನ್‌ಕ್ರುಮಾ ಪರದೇಶದಲ್ಲಿದ್ದಾಗ ಸೈನ್ಯ ಮತ್ತು ಪೊಲೀಸು ಸೇರಿ ಸರಕಾರವನ್ನು ಕಿತ್ತೊಗೆದವು. ಅವರು ಗಿನಿ ದೇಶದಲ್ಲಿ ಆಶ್ರಯ ಪಡೆದು, 1972ರ ಏಪ್ರಿಲಿನಲ್ಲಿ ಬುಖಾರೆಸ್ಟಿನಲ್ಲಿ ತೀರಿಕೊಂಡರು. ಕಾಲ ಕಳೆದ ಮೇಲೆ ದೇಶ ಅವರನ್ನು ಮತ್ತೆ ನೆನೆಯಿತು. ಸ್ವಾತಂತ್ರ್ಯ ಘೋಷಿಸಿದ ಅಕ್ರಾದ ಮೈದಾನದಲ್ಲೇ ಈಗ ಅವರ ಸಮಾಧಿ, ಸ್ಮಾರಕ ಇವೆ.

ಡಾನ್ಕ್ವಾ ಸಾವಿನ ವಿಷಯ ಓದಿದ ದಿನ ನನಗೆ ಊಟ ಸೇರಲಿಲ್ಲ. ಶೌಚದ ಕಾಗದದ ಮೇಲೆ ಸ್ವಾತಂತ್ರ್ಯ ಬರೆದ ಕೈಯೇ ಆ ಕಾಯಿದೆಗೂ ಸಹಿ ಹಾಕಿತೆ?

ಹಾಗಾದರೆ ಓದುವುದು ಹೇಗೆ?

ಪುಸ್ತಕ ಸುಳ್ಳು ಅಂತ ಮೂಲೆಗೆ ಎಸೆಯಬೇಕೆ? ಎರಡು ದಿನ ನನಗೂ ಹಾಗೇ ಅನ್ನಿಸಿತು. ಈಗ ಅನ್ನಿಸುವುದಿಲ್ಲ. ಯಾವ ಅಢಾವೆ ಪತ್ರಿಕೆಯ ತಲೆಯ ಮೇಲೂ ಒಂದು ತಾರೀಖು ಇರುತ್ತದೆ: ಇಂಥ ದಿನಕ್ಕೆ ಇದ್ದಂತೆ. ಆ ದಿನಕ್ಕೆ ಅದು ಸರಿಯಾಗಿದ್ದರೆ ಸಾಕು, ಮುಂದಿನ ವರ್ಷ ಅಂಗಡಿ ದಿವಾಳಿಯಾದರೆ ಹಳೇ ಪತ್ರಿಕೆ ಸುಳ್ಳಾಗುವುದಿಲ್ಲ. ಈ ಆತ್ಮಕಥೆಯ ತಾರೀಖು 1957. ನಾನು ಮಾಡಿದ ತಪ್ಪೆಂದರೆ ತಾರೀಖು ನೋಡದೆ ಓದಿದ್ದು.

ಆದ್ದರಿಂದ ನಾಯಕರ ಆತ್ಮಕಥೆ ಓದುವ ಗೆಳೆಯರಿಗೆ ನನ್ನದು ಮೂರು ಸೂಚನೆ. ಒಂದು, ಪುಸ್ತಕ ಯಾವಾಗ ಬರೆದದ್ದು, ಆಗ ಬರೆದವರು ಕುರ್ಚಿಯ ಮೇಲಿದ್ದರೋ ಕೆಳಗಿದ್ದರೋ ನೋಡಿ. ಎನ್‌ಕ್ರುಮಾ ಪದಚ್ಯುತರಾದ ಮೇಲೆ ಬರೆದ ಪುಸ್ತಕವೂ ಇದೆ, ಎರಡನ್ನೂ ಪಕ್ಕಪಕ್ಕ ಇಟ್ಟು ಓದಬಹುದು. ಎರಡು, ಕಥೆ ವೇಗವಾಗಿ ಓಡುವ ಕಡೆ ಮೈಮರೆಯಿರಿ, ಆದರೆ ಅಂಕಿ ಬಂದ ಕಡೆ ನಿಂತು ಗುಣಾಕಾರ ಮಾಡಿ. ಮೂರು, ಲೇಖಕನು ಯಾರನ್ನು ಶತ್ರು ಅನ್ನುತ್ತಾನೋ ಅವನ ಕುರ್ಚಿಯಲ್ಲಿ ಒಂದು ಗಳಿಗೆ ಕೂತು ಅದೇ ಪುಟವನ್ನು ಇನ್ನೊಮ್ಮೆ ಓದಿ.

ಇಷ್ಟಾದ ಮೇಲೂ ನನಗೆ ಎನ್‌ಕ್ರುಮಾ ಮೇಲೆ ಪ್ರೀತಿ ಹೋಗಿಲ್ಲ. 22,780 ಮತದ ಆ ಬೆಳಗನ್ನು ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ಹೋದ ತಿಂಗಳ ಭಾಷಣವನ್ನು ಅಳಿಸುವುದಿಲ್ಲ, ಅದರ ಕೆಳಗೆ ಈ ನಮೂದು ಇರಲಿ. ಪುಸ್ತಕವನ್ನು ಗ್ರಂಥಾಲಯಕ್ಕೆ ವಾಪಸ್ ಮಾಡಿದ್ದೇನೆ. ಮುಂದೆ ತೆಗೆದುಕೊಳ್ಳುವವರು ಕೊಕೊದ ಪುಟಗಳಲ್ಲಿ ಅಂಚಿಗೆ ಪೆನ್ಸಿಲಿನಲ್ಲಿ ಬರೆದ ಲೆಕ್ಕ ಕಂಡರೆ ಬೈಯಬೇಡಿ. ಗುಣಾಕಾರ ತಪ್ಪಿದ್ದರೆ ಮಾತ್ರ ಕೆಳಗೆ ತಿದ್ದಿ.