ದಮ್ಮಾಮಿನಲ್ಲಿ ಮಾಲೀಕ, ಕಮಲಾಪುರದಲ್ಲಿ ಮನೆ

"ಕಾಕಾ, ಮನಿ ಖಾಲಿ ಬಿದ್ದದ. ರಿಪೇರಿ ಮಾಡಿಸಿ ಯಾರಿಗಾರ ಬಾಡಿಗಿ ಕೊಟ್ಟುಬಿಡ್ರಿ." ಸೌದಿಯ ದಮ್ಮಾಮಿನಿಂದ ಅಣ್ಣನ ಮಗ ಹೀಗೆ ಫೋನ್ ಮಾಡಿ ಆರು ವರ್ಷವಾಯಿತು. ಅದು ಕಲಬುರಗಿ ಜಿಲ್ಲೆಯ ಕಮಲಾಪುರದ ಹಳೆಯ ಮಾಳಿಗೆ ಮನೆ. ಮರುವರ್ಷ ಡಲ್ಲಾಸಿನಲ್ಲಿರುವ ತಂಗಿಯ ಮಗಳು "ಮಾಮಾ, ನಂದೂ ಒಂದು ಅದ" ಎಂದು ಕಲಬುರಗಿಯ ಸೇಡಂ ರಸ್ತೆ ಮನೆಯ ಕೀಲಿ ತಂದು ಕೈಗಿಟ್ಟಳು. ಕಲಿತದ್ದೆಲ್ಲ ಈ ಎರಡು ಮನೆಗಳಿಂದ, ಅದರಲ್ಲೂ ಅರ್ಧ ಪಾಠ ಅವರ ದುಡ್ಡು ಕಳೆದೇ ಕಲಿತದ್ದು. ಪರದೇಶದಲ್ಲಿದ್ದು ಊರಿನ ಮನೆ ಬಾಡಿಗೆಗೆ ಕೊಡುವವರಿಗೆ ಉಪಯೋಗವಾದೀತು.

1. ಮೊದಲು ಬಾಡಿಗೆದಾರ ಯಾರೆಂದು ನೋಡಿ, ಆಮೇಲೆ ಗೌಂಡಿಯನ್ನು ಕರೆಸಿ.

ಕಲಬುರಗಿಯಲ್ಲಿ ಬಾಡಿಗೆ ಹುಡುಕಿಕೊಂಡು ಬರುವವರು ಎಂಥವರೆಂದು ಮೊದಲೇ ಗೊತ್ತಿರುತ್ತದೆ. ಸೇಡಂ ರಸ್ತೆಗೆ ಇಎಸ್‌ಐಸಿ ಆಸ್ಪತ್ರೆಯ ಡಾಕ್ಟರು, ನರ್ಸು, ವಿಶ್ವವಿದ್ಯಾಲಯದವರು. ಆಳಂದ ರಸ್ತೆಗೆ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಹೋಗಿಬರುವ ಮೇಷ್ಟ್ರುಗಳು. 2013ರಲ್ಲಿ ಹೈಕೋರ್ಟ್ ಪೀಠ ಕಾಯಂ ಆದ ಮೇಲೆ ವಕೀಲರು, ಸಿಬ್ಬಂದಿಯ ಓಡಾಟವೂ ಹೆಚ್ಚಿತು. 2024ರ ಡಿಸೆಂಬರಿನಲ್ಲಿ ಜಯದೇವ ಆಸ್ಪತ್ರೆಯ ಹೊಸ ಕಟ್ಟಡ ಶುರುವಾಯಿತು. ಅದರ ಹಾಸಿಗೆಗಳ ಸಂಖ್ಯೆ 371. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ 371(ಜೆ) ವಿಧಿ ಎಂದರೆ ನಮಗೆ ಅಷ್ಟು ಪ್ರೀತಿ! ಇವರೆಲ್ಲ ವರ್ಗವಾಗಿ ಬರುವ, ವರ್ಗವಾಗಿ ಹೋಗುವ ಜನ. ಮಂಚ, ಕಪಾಟು, ಫ್ಯಾನು ಇದ್ದರೆ ಸಂತೋಷದಿಂದ ನಾಲ್ಕು ಕಾಸು ಹೆಚ್ಚು ಕೊಡುತ್ತಾರೆ.

ಕಮಲಾಪುರದ ಲೆಕ್ಕ ಬೇರೆ. 2018ರಲ್ಲಿ ತಾಲ್ಲೂಕಾಯಿತು, ಕಚೇರಿಗಳು ಬಂದವು, ಸರಿ. ಆದರೆ ಕಲಬುರಗಿ ಇರುವುದು ಸುಮಾರು 35 ಕಿ.ಮೀ. ದೂರದಲ್ಲಿ. ಹುಮನಾಬಾದ್ ರಸ್ತೆಯ ಬಸ್ಸಿದೆ, 2017ರಿಂದ ಬೀದರ್ ರೈಲೂ ಇದೆ. ನೌಕರರಲ್ಲಿ ಬಹಳ ಮಂದಿ ಬೆಳಿಗ್ಗೆ ಬಂದು ಸಂಜೆ ವಾಪಸಾಗುತ್ತಾರೆ. ಅಲ್ಲಿ ಮನೆ ಹಿಡಿಯುವವರು ಸಂಸಾರ ಸಮೇತ ನಾಲ್ಕು ವರ್ಷ ಇರಲು ಬಂದವರು, ತಮ್ಮ ಸಾಮಾನು ತಾವೇ ತರುತ್ತಾರೆ. ಅವರಿಗೆ ನಿಮ್ಮ ಸೋಫಾ ಬೇಡ. ನೀರು, ಬಚ್ಚಲು, ಸ್ಕೂಟರ್ ಒಳಗೆ ತರಲು ಬಾಗಿಲಲ್ಲಿ ಒಂದು ಇಳಿಜಾರು, ಇಷ್ಟು ಬೇಕು.

2. ಖರ್ಚು ಮಾಡುವುದಿದ್ದರೆ ನೆತ್ತಿಯ ಮೇಲೆ ಮಾಡಿ.

ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42, 43 ಡಿಗ್ರಿ. ಬಾಡಿಗೆದಾರ ಮನೆ ಬಿಡುವುದಿದ್ದರೆ ಬಿಡುವುದು ಆಗಲೇ. ಕಮಲಾಪುರದ ಮನೆಯ ಮಾಳಿಗೆ ಕಿತ್ತು ತಗಡು ಹಾಕಿಸೋಣ ಎಂದು ಅಣ್ಣನ ಮಗ ಹಟ ಹಿಡಿದ. ಸೋರುವುದಿಲ್ಲ, ಅಗ್ಗ, ಎಂದು ಅವನ ವಾದ. "ದಮ್ಮಾಮಿನ್ಯಾಗ ಎಸಿ ಅದ, ಇಲ್ಲಿ ತಗಡಿನ ಕೆಳಗ ರೊಟ್ಟಿ ಬೇಯ್ತಾವ" ಎಂದೆ. ಮಾಳಿಗೆಯ ಮಣ್ಣಿನ ಪದರ ಮನೆಗೆ ಹೊದಿಸಿದ ಕೌದಿಯಿದ್ದಂತೆ. ತೊಲೆ, ಜಂತಿಗಳು ಗೋಡೆಯೊಳಗೆ ಹೊಕ್ಕ ತುದಿಯಲ್ಲಿ ಮೊಳೆ ಚುಚ್ಚಿ ನೋಡಿ, ಕೊಳೆತರೆ ಮೊದಲು ಅಲ್ಲೇ ಕೊಳೆಯುವುದು. ಗಟ್ಟಿಯಿದ್ದರೆ ಹಳೆಯ ಮಣ್ಣು ತೆಗೆಸಿ ಹೊಸದು ಹಾಕಿಸಿ, ಮೇಲೆ ಸುಣ್ಣದ ಗಚ್ಚು ಬಡಿಸಿ, ನೀರು ಹರಿಯುವ ದಿಕ್ಕಿಗೆ ಇಳಿಜಾರು ಕೊಡಿಸಿ. ನಗರದ ಸ್ಲ್ಯಾಬ್ ಮನೆಗಾದರೆ ಶಿವರಾತ್ರಿ ಮುಗಿಯುತ್ತಲೇ ಮೇಲೆ ದಪ್ಪಗೆ ಸುಣ್ಣ ಹೊಡೆಸುವುದು. ಖರ್ಚು ಸಣ್ಣದು. ಮಧ್ಯಾಹ್ನದ ಹೊತ್ತು ವ್ಯತ್ಯಾಸ ಗೊತ್ತಾಗುತ್ತದೆ.

3. ಫರ್ಸಿಯನ್ನು ಮುಚ್ಚಬೇಡಿ.

ಇಲ್ಲಿ ನನ್ನದೇ ತಪ್ಪಿದೆ. ಸೇಡಂ ರಸ್ತೆಯ ಮನೆಯ ಪಡಸಾಲೆಗೆ ಶಹಾಬಾದ್ ಕಲ್ಲಿನ ಫರ್ಸಿ ಹಾಸಿತ್ತು, ಕಾಲಿಟ್ಟರೆ ತಂಪು. ಗುತ್ತಿಗೆದಾರ "ಈಗಿನ ಕಾಲಕ್ಕ ಟೈಲ್ಸ್ ಇಲ್ದ ಯಾರೂ ಬರಂಗಿಲ್ರಿ" ಎಂದ. ನಾನು ತಲೆಯಾಡಿಸಿದೆ. ಫರ್ಸಿಯ ಮೇಲೇ ಸಿಮೆಂಟ್ ಬಳಿದು ಟೈಲ್ಸ್ ಹಾಕಿದ. ಎರಡು ಬೇಸಿಗೆಯಲ್ಲಿ ಟೈಲ್ಸ್ ಉಬ್ಬಿ ಟಕಟಕ ಎನ್ನತೊಡಗಿದವು, ಬಾಗಿಲು ನೆಲಕ್ಕೆ ತಾಗಿ ನಿಂತಿತು. ಕಿತ್ತಾಗ ಕೆಳಗಿನ ಕಲ್ಲೂ ಅರ್ಧ ಹೋಯಿತು.

ದೆಹಲಿ, ಮುಂಬೈಯವರು ಈ ಕಲ್ಲನ್ನು ಲಾರಿಗಟ್ಟಲೆ ತರಿಸಿಕೊಳ್ಳುತ್ತಾರೆ. ನಮಗೆ ಚಿತ್ತಾಪುರ, ಶಹಾಬಾದ್ ಕೂಗಳತೆಯಲ್ಲಿದ್ದರೂ ಅದರ ಮೇಲೆ ಗುಜರಾತಿನ ಟೈಲ್ಸ್! ಒಡೆದ ಫರ್ಸಿಗಳನ್ನಷ್ಟೇ ಬದಲಿಸಿ, ಸಂದಿ ತುಂಬಿಸಿ, ಪಾಲಿಶ್ ಮಾಡಿಸಿದರೆ ಸಾಕು. ಇದು ಸುಣ್ಣದ ಕಲ್ಲು, ಆಸಿಡ್ ಬಿದ್ದರೆ ತಿಂದುಹಾಕುತ್ತದೆ. ಬಚ್ಚಲು ತೊಳೆಯುವ ಆಸಿಡ್ ನೆಲಕ್ಕೆ ಬೇಡ ಎಂದು ಬಾಡಿಗೆದಾರನಿಗೆ ಮೊದಲ ದಿನವೇ ಹೇಳಿ. ಹುಣಸೆಹುಳಿ ಚೆಲ್ಲಿದರೂ ಕಲೆ ಉಳಿಯುತ್ತದೆ.

ಹಳೆಯ ಮನೆಯ ಅಂಗಳ ಅಗೆಯುವ ಮುನ್ನ ಊರಿನ ಹಿರಿಯರನ್ನು ಕೇಳಿ, ಕೆಳಗೆ ಹಗೇವು ಇದ್ದೀತು. ಕಮಲಾಪುರದಲ್ಲಿ ಜೋಳ ತುಂಬುತ್ತಿದ್ದ ಹಗೇವಿನ ಬಾಯಿ ಮುಚ್ಚಿದ ಕಲ್ಲಿನ ಮೇಲೆಯೇ ನೀರಿನ ಟಾಕಿ ಕೂರಿಸಲು ಹೊರಟಿದ್ದೆವು. ಪಕ್ಕದ ಮನೆಯ ಆಯಿ ಕೂಗಿ ನಿಲ್ಲಿಸಿದಳು.

4. ಗೋಡೆಯ ಸೀಳಿಗೆ ಪುಟ್ಟಿ ಔಷಧವಲ್ಲ.

ಮನೆಯ ಕೆಳಗಿನ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಗೋಡೆಯೂ ಅದರ ಜೊತೆ ಕುಣಿಯುತ್ತದೆ. ಪೇಂಟ್ ಹೊಡೆಸುವ ಮೊದಲು ಮನೆಯ ಸುತ್ತ ಮಳೆನೀರು ನಿಲ್ಲದಂತೆ ಕಲ್ಲು ಹಾಸಿಸಿ ಹೊರಗೆ ಹರಿಸಿ. ಒಂದು ವರ್ಷ ಸೀಳಿನ ಮೇಲೆ ಪೆನ್ಸಿಲ್ ಗುರುತು ಹಾಕಿ ನೋಡಿ. ಗುರುತು ದಾಟಿ ಬೆಳೆದರೆ ಎಂಜಿನಿಯರನ್ನು ಕರೆಸಿ.

5. ನೀರಿನ ವಿಷಯದಲ್ಲಿ ಆಸೆ ಇಟ್ಟುಕೊಳ್ಳಬೇಡಿ.

ಭೀಮಾ, ಬೆಣ್ಣೆತೊರೆಯ ನೀರು ನಲ್ಲಿಯಲ್ಲಿ ದಿನವೂ ಬರುತ್ತದೆಂದು ನಂಬಿ ಕೂರುವಂತಿಲ್ಲ. ನೆಲದ ಟಾಕಿ ದೊಡ್ಡದಿರಲಿ. ಬೋರಿನ ನೀರು ಗಡಸು. ಗೀಸರಿನ ಕಾಯಿಲ್, ಶವರಿನ ತೂತು, ಕೂಲರಿನ ಹುಲ್ಲು ಎಲ್ಲಕ್ಕೂ ಬಿಳಿ ಉಪ್ಪು ಕಟ್ಟುತ್ತದೆ. ಹಾಗಾಗಿ ದುಬಾರಿ ವಿದೇಶಿ ನಲ್ಲಿ ಬೇಡ, ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ವಾಷರ್ ಸಿಗುವಂಥದ್ದನ್ನೇ ಹಾಕಿಸಿ.

6. ಸಾಮಾನು ಕಡಿಮೆ, ಗಟ್ಟಿ.

ತಂಗಿಯ ಮಗಳು ಡಲ್ಲಾಸಿನ ಮನೆಯ ಫೋಟೋ ಕಳಿಸಿ "ಹಿಂಗ ಮಾಡಿಸ್ರಿ" ಎಂದಿದ್ದಳು. ಪ್ಲೈವುಡ್ಡಿನ ಕಪಾಟುಗಳು ಬಂದವು, ಗೆದ್ದಲೂ ಬಂತು. ನಮ್ಮ ಹಿರಿಯರು ಗೋಡೆಯಲ್ಲೇ ಗೂಡು ಬಿಟ್ಟು ಫರ್ಸಿಯ ಹಲಗೆ ಕೂರಿಸುತ್ತಿದ್ದರಲ್ಲ, ಅದಕ್ಕೊಂದು ಬಾಗಿಲು ಹಚ್ಚಿದರೆ ನೂರು ವರ್ಷದ ಕಪಾಟು. ಕಬ್ಬಿಣದ ಮಂಚ, ಒಂದು ಓದುವ ಮೇಜು, ಪ್ರತಿ ಖೋಲಿಗೆ ಫ್ಯಾನು. ಕೂಲರ್ ನೀವು ಕೊಡದಿದ್ದರೂ ಪರವಾಗಿಲ್ಲ. ಆದರೆ ಒಂದು ಕಿಟಕಿಗೆ ಕೂಲರ್ ಕೂರುವಷ್ಟು ಗ್ರಿಲ್ ಬಿಡಿಸಿ, ಹೊರಗೆ ಸ್ಟ್ಯಾಂಡ್, ಒಳಗೆ ಪಾಯಿಂಟ್, ಪಕ್ಕದಲ್ಲಿ ನೀರಿನ ಪೈಪು ಕೊಟ್ಟಿರಿ. ಮನೆ ನೋಡಲು ಬಂದ ಹೆಣ್ಣುಮಕ್ಕಳು ಅಡುಗೆಮನೆಯಾದ ಮೇಲೆ ನೋಡುವುದು ಅದನ್ನೇ.

7. ಕೆಲಸ ಹಿಡಿಯುವ ಕಾಲ ನೋಡಿ.

ತೊಗರಿ ರಾಶಿಯ ಹೊತ್ತಿಗೆ ಲೇಬರ್ ಸಿಗುವುದಿಲ್ಲ, ಮದುವೆ ಸುಗ್ಗಿಯಲ್ಲಿ ಗೌಂಡಿ ಸಿಗುವುದಿಲ್ಲ. ನಿಮ್ಮ ರಜೆಗೆ ಹೊಂದಿಸಿ ಇಪ್ಪತ್ತು ದಿನದಲ್ಲಿ ಮುಗಿಸುತ್ತೇನೆಂದರೆ ಮುಗಿಯುವುದು ನಿಮ್ಮ ರಜೆ.

8. ಕಾಗದ ಗಟ್ಟಿ ಮಾಡಿಕೊಳ್ಳಿ.

"ಕಾಕಾ ಅದಾರಲ್ಲ" ಎಂಬುದು ಕಚೇರಿಯಲ್ಲಿ ನಡೆಯುವುದಿಲ್ಲ. ನೀವಿರುವ ದೇಶದ ಭಾರತೀಯ ರಾಯಭಾರ ಕಚೇರಿಯಲ್ಲಿ ಅಧಿಕಾರ ಪತ್ರಕ್ಕೆ ಸಹಿ, ಮುದ್ರೆ ಹಾಕಿಸಿ ಕಳಿಸಿ. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು. ಬಾಡಿಗೆ ಕೊಡಲು, ವಸೂಲಿ ಮಾಡಲು, ರಿಪೇರಿ ಮಾಡಿಸಲು ಎಂದು ಬರೆದರೆ ಸಾಕು. ಮಾರುವ ಅಧಿಕಾರ ಸ್ವಂತ ಕಾಕಾನಿಗೂ ಬರೆದುಕೊಡಬೇಡಿ, ಇದನ್ನು ಕಾಕಾನೇ ಹೇಳುತ್ತಿದ್ದೇನೆ. ಕರಾರು 11 ತಿಂಗಳದ್ದಿರಲಿ, ಸಾಮಾನಿನ ಪಟ್ಟಿ, ಫೋಟೋ ಅದರ ಜೊತೆಗೇ ಇರಲಿ.

9. ತೆರಿಗೆಯನ್ನು ಬಾಡಿಗೆದಾರನಿಗೆ ಮೊದಲೇ ಹೇಳಿ.

ಬಹಳ ಜನ ಎಡವುವುದು ಇಲ್ಲಿ. ಮಾಲೀಕ ಅನಿವಾಸಿಯಾದರೆ, ಬಾಡಿಗೆ ಎಷ್ಟೇ ಸಣ್ಣದಿರಲಿ, ಬಾಡಿಗೆದಾರ ಟಿಡಿಎಸ್ ಕಡಿತ ಮಾಡಿ ಸರ್ಕಾರಕ್ಕೆ ಕಟ್ಟಬೇಕು. ದರ ಶೇಕಡಾ 30, ಮೇಲೆ ಸೆಸ್, ಒಟ್ಟು 31.2. ಅದಕ್ಕೆ ಅವನು ಟ್ಯಾನ್ ನಂಬರ್ ಮಾಡಿಸಿಕೊಳ್ಳಬೇಕು. ಇದನ್ನು ಕೇಳಿದೊಡನೆ ಒಬ್ಬ ಮೇಷ್ಟ್ರು ಅಡ್ವಾನ್ಸ್ ವಾಪಸು ಕೇಳಿದರು. ನೀವೇ ಒಬ್ಬ ಲೆಕ್ಕಪರಿಶೋಧಕರನ್ನು ಗೊತ್ತುಮಾಡಿ ಆ ಖರ್ಚು ನೀವೇ ಹೊತ್ತರೆ ತಕರಾರಿಲ್ಲ. ಕಡಿಮೆ ದರದ ಕಡಿತಕ್ಕೆ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಬಹುದು. ರಿಟರ್ನ್ ಸಲ್ಲಿಸಿದರೆ ಹೆಚ್ಚು ಕಡಿತವಾದದ್ದು ವಾಪಸು ಬರುತ್ತದೆ. ಮನೆ ಕರ ಕಳೆದು ಉಳಿದ ಬಾಡಿಗೆಯಲ್ಲಿ ಶೇಕಡಾ 30 ವಿನಾಯಿತಿಯೂ ಇದೆ, ರಸೀದಿ ಕೇಳುವುದಿಲ್ಲ. ಹಣ ಎನ್‌ಆರ್‌ಒ ಖಾತೆಗೇ ಬೀಳಲಿ. ಅಮೆರಿಕದಲ್ಲಿದ್ದರೆ ಅಲ್ಲಿಯ ರಿಟರ್ನಿನಲ್ಲೂ ಇದನ್ನು ತೋರಿಸಬೇಕು.

10. ಕರೆಂಟಿನ ಮೀಟರ್ ಬೇರೆ ಮಾಡಿಸಿ.

ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಾಡಿಗೆದಾರನಿಗೂ ಸಿಗುತ್ತದೆ, ಆದರೆ ಮೀಟರಿನ ಆರ್‌ಆರ್ ನಂಬರಿಗೆ ಅವನ ಆಧಾರ್ ಜೋಡಿಸಬೇಕು. ಹೋಗುವಾಗ ಅದನ್ನು ಬಿಡಿಸಿ ಹೋಗಲಿ, ಇಲ್ಲದಿದ್ದರೆ ಮುಂದೆ ಬಂದವನು ಜೆಸ್ಕಾಂ ಕಚೇರಿಗೆ ಅಲೆಯುತ್ತಾನೆ.

11. ಒಂದು ಖೋಲಿ ನಿಮಗೆಂದು ಬೀಗ ಹಾಕಿಡಬೇಡಿ.

ಎಲ್ಲರೂ ಹಾಕುತ್ತಾರೆ. "ಊರಿಗೆ ಬಂದ್ರ ಇಳ್ಕೋಳಾಕ ಬೇಕಲ್ಲ ಕಾಕಾ" ಎಂದು ಅಣ್ಣನ ಮಗನೂ ಹಾಕಿಸಿದ್ದ. ಅಣ್ಣ-ಅತ್ತಿಗೆಯ ಗಾದಿ, ಟ್ರಂಕು, ಅವನ ಶಾಲೆಯ ಪುಸ್ತಕ ಎಲ್ಲ ಒಳಗೆ. ಮೂರು ವರ್ಷದ ಮೇಲೆ ಬಂದವನು ಇಳಿದುಕೊಂಡದ್ದು ಕಲಬುರಗಿಯ ಲಾಡ್ಜಿನಲ್ಲಿ. ಕಮಲಾಪುರಕ್ಕೆ ಹೋಗಿ ಬೀಗ ತೆಗೆದರೆ ಗಾದಿಯೊಳಗೆ ಇಲಿ, ಪುಸ್ತಕಕ್ಕೆ ಗೆದ್ದಲು. ಟ್ರಂಕೊಂದು ಉಳಿದಿತ್ತು, ನಮ್ಮ ಮನೆಗೆ ತಂದಿಟ್ಟೆವು. ಆ ಖೋಲಿಯಲ್ಲೀಗ ಬಾಡಿಗೆದಾರರ ಮಗಳು ಎಸ್ಸೆಸ್ಸೆಲ್ಸಿಗೆ ಓದುತ್ತಾಳೆ. ಬಾಡಿಗೆ ಎಂಟುನೂರು ಏರಿತು. ಹಿತ್ತಲಲ್ಲಿ ಅವರೇ ನೆಟ್ಟ ಕೆಂಪು ಬಾಳೆ ಹೋದ ಸಲ ಗೊನೆ ಹಾಕಿತ್ತು. ದಮ್ಮಾಮಿಗೆ ಫೋಟೋ ಕಳಿಸಿ ಹಣ್ಣು ನಾವು ತಿಂದೆವು.