ಗೆರೆಗೆ ಸಿಗದ ಓಡಾಟ

ಲಾಕ್‌ಡೌನಿನಲ್ಲಿ ಜನ ಎಷ್ಟು ಓಡಾಡಿದರು ಎಂದು ಗ್ರಾಫ್ ಬಿಡಿಸುವುದು ಸುಲಭ. ಆ ಗ್ರಾಫನ್ನು ಓದುವುದು ಕಷ್ಟ. ಬೆಂಗಳೂರಿನ ಕೆಲಸವನ್ನು ನಮ್ಮೂರು ಭೀಮಸಮುದ್ರದ ಮನೆಯಲ್ಲೇ ಕೂತು ಮಾಡುತ್ತಿದ್ದ ತಿಂಗಳುಗಳಲ್ಲಿ ನನಗೆ ಅಂಟಿದ ಹುಚ್ಚು ಇದು.

ಗೂಗಲ್ ಸ್ಮಾರ್ಟ್‌ಫೋನುಗಳ ಲೊಕೇಶನ್ ಆಧರಿಸಿದ ತನ್ನ ಮೊಬಿಲಿಟಿ ವರದಿಯನ್ನು 2020ರ ಏಪ್ರಿಲ್ ಮೊದಲ ವಾರ ಹೊರತಂದಿತು. ಅಂಗಡಿ-ಹೋಟೆಲು, ದಿನಸಿ-ಔಷಧಿ, ಪಾರ್ಕು, ಬಸ್‌ಸ್ಟ್ಯಾಂಡು, ಕೆಲಸದ ಜಾಗ, ಮನೆ ಎಂದು ಆರು ಗೆರೆ. ಮುಂದೆ ಜಿಲ್ಲಾವಾರು ಅಂಕಿಯೂ ಸಿಕ್ಕಿತು. ತಾಲ್ಲೂಕಿಗೆ, ಊರಿಗೆ ಅದು ಇಳಿಯಲಿಲ್ಲ.

ಯಾವುದಕ್ಕೆ ಹೋಲಿಸಿದ್ದಾರೆ ಎಂಬುದನ್ನು ಮೊದಲು ನೋಡಬೇಕು. ಗೂಗಲ್ ಹಿಡಿದದ್ದು 2020ರ ಜನವರಿ 3ರಿಂದ ಫೆಬ್ರುವರಿ 6ರವರೆಗಿನ ಐದು ವಾರ. ನಮ್ಮ ಕಡೆ ಅದು ಅಡಿಕೆ ಕೊಯ್ಲು ಮುಗಿಯುತ್ತಾ ಬಂದು, ಫಸಲು ಗುತ್ತಿಗೆ ಹಿಡಿದ ಖೇಣಿದಾರರೂ ಮಂಡಿಯವರೂ ಲೆಕ್ಕ ಚುಕ್ತಾ ಮಾಡಿಕೊಳ್ಳುವ ಹೊತ್ತು. ಏಪ್ರಿಲ್ ಬಿಸಿಲಿನಲ್ಲಿ ಓಡಾಟ ಹೇಗಿದ್ದರೂ ತಗ್ಗುತ್ತದೆ. ಆ ಇಳಿತವನ್ನೆಲ್ಲ ಲಾಕ್‌ಡೌನಿನ ಖಾತೆಗೆ ಬರೆಯಲಾಗದು. ವಾರದ ದಿನವನ್ನು ಅದೇ ದಿನಕ್ಕೆ ಹೋಲಿಸಿದ್ದರಿಂದ ಸಂತೆಯ ಏರಿಳಿತದ ತೊಂದರೆ ಮಾತ್ರ ತಪ್ಪಿತು.

ಮನೆಯ ಗೆರೆಯದು ಬೇರೆಯೇ ಲೆಕ್ಕ. ಉಳಿದ ಐದು ಬಂದುಹೋದವರನ್ನು ಎಣಿಸಿದರೆ ಇದು ಕಳೆದ ಸಮಯವನ್ನು ಅಳೆಯುತ್ತದೆ. ಇರುವುದೇ ದಿನಕ್ಕೆ 24 ಗಂಟೆ, ಅದರಲ್ಲಿ ಬಹುಪಾಲು ಮೊದಲೇ ಮನೆಯಲ್ಲಿ ಕಳೆಯುವ ಜನ. ಇನ್ನೆಷ್ಟು ಏರೀತು? ಈ ಗೆರೆಯನ್ನೂ ಉಳಿದ ಐದನ್ನೂ ಅಕ್ಕಪಕ್ಕ ಹಾಕಿ ‘ಜನ ಮನೆಯಲ್ಲಿ ಕೂರಲಿಲ್ಲ’ ಎಂದು ಬೈದವರನ್ನು ಕಂಡಿದ್ದೇನೆ.

ಲಾಕ್‌ಡೌನ್ ಜಾರಿಯಾದ ಮಾರ್ಚ್ 25 ಯುಗಾದಿ. ಬಸ್‌ಸ್ಟ್ಯಾಂಡಿನ ಗೆರೆ ಪಾತಾಳಕ್ಕಿಳಿದಾಗ ಬೆಂಗಳೂರಿನ ಹುಡುಗರು ಹೆದ್ದಾರಿಯಲ್ಲಿ ಬೈಕ್ ಓಡಿಸಿಕೊಂಡು ಊರು ಸೇರುತ್ತಿದ್ದರು. ಎಲ್ಲಿಂದ ಎಲ್ಲಿಗೆ ಎಂಬುದನ್ನು ಆ ಆರು ಗೆರೆಗಳಲ್ಲಿ ಯಾವುದೂ ಹೇಳುವುದಿಲ್ಲ. ಅಡಿಕೆ ಸುಲಿಯುವ ಹೆಂಗಸರ ಕೈಯಲ್ಲಿ ಬಟನ್ ಫೋನು. ಗೂಗಲ್ ಪಾಲಿಗೆ ಅವರು ಎಲ್ಲಿಗೂ ಹೋಗಲಿಲ್ಲ, ಎಲ್ಲಿಯೂ ಇರಲಿಲ್ಲ!

ಎರಡನೇ ಅಲೆ ಇನ್ನೊಂದು ಪಾಠ. 2021ರ ಏಪ್ರಿಲ್ 27ರಿಂದ ದಿನಸಿ ಅಂಗಡಿಗೆ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅವಕಾಶ. ಸುಣ್ಣದಲ್ಲಿ ಬರೆದ ಚೌಕಗಳು ಒಂಬತ್ತೂವರೆಯ ಹೊತ್ತಿಗೆ ಕಾಲಿನಡಿ ಅಳಿಸಿಹೋಗುತ್ತಿದ್ದವು. ಒಂದು ಚೀಲ ಸಕ್ಕರೆಗೆ ನಾಲ್ಕು ಕೈ, ಮಾಸ್ಕು ಗಲ್ಲದ ಮೇಲೆ. ಇಡೀ ದಿನ ಬರುತ್ತಿದ್ದವರಲ್ಲಿ ಬಹುಪಾಲು ಮಾತ್ರ ಬಂದು, ಅವರೂ ನಾಲ್ಕೇ ಗಂಟೆಯಲ್ಲಿ ಮುಗಿಬಿದ್ದರೆ ದಿನದ ಒಟ್ಟು ಅಂಕಿ ಇಳಿಯುತ್ತದೆ, ಅಂಗಡಿ ಮುಂದಿನ ಒತ್ತು ಏರುತ್ತದೆ. ಸೋಂಕಿಗೆ ಬೇಕಾದದ್ದು ಒತ್ತು.

ಇನ್ನು ಖಾಲಿ ಕೋಶಗಳು. ಫೋನುಗಳು ತೀರಾ ಕಡಿಮೆಯಿದ್ದರೆ ಗುರುತು ಸಿಗಬಾರದೆಂದು ಗೂಗಲ್ ಆ ದಿನದ ಅಂಕಿಯನ್ನೇ ಬಿಟ್ಟುಬಿಡುತ್ತಿತ್ತು. ಅಲ್ಲಿ ಸೊನ್ನೆ ತುಂಬಿದರೆ ‘ಎಂದಿನಂತೆಯೇ ಇತ್ತು’ ಎಂದಾಗುತ್ತದೆ. ಖಾಲಿಯನ್ನು ಖಾಲಿ ಬಿಡಬೇಕು. ಸೋಂಕಿತರ ಹೆಜ್ಜೆಗಳನ್ನೇ ನಕ್ಷೆಯಲ್ಲಿ ತೋರಿಸಿದ ರಾಜ್ಯ ಸರ್ಕಾರದ ‘ಕೊರೊನಾ ವಾಚ್’ ಆ್ಯಪ್‌ಗಿಂತ ಈ ಸಂಕೋಚವೇ ನನಗೆ ಮೇಲೆನಿಸಿದೆ. ಸಣ್ಣ ಊರಿನಲ್ಲಿ ಹೆಸರು ಬೇಕಿಲ್ಲ, ಬೀದಿ ಸಾಕು.

2022ರ ಅಕ್ಟೋಬರ್‌ಗೆ ಗೂಗಲ್ ಹೊಸ ಅಂಕಿ ಸೇರಿಸುವುದನ್ನು ನಿಲ್ಲಿಸಿತು. ಮುಂದೆ ಇಂಥ ಗ್ರಾಫ್ ಬಿಡಿಸುವವರು ದಯವಿಟ್ಟು ಅದರ ಕೆಳಗೆ ಆ ಜಿಲ್ಲೆಯ ಕೊಯ್ಲು, ಸಂತೆ, ಹಬ್ಬಗಳ ದಿನಗಳನ್ನೂ ಗುರುತು ಹಾಕಿ.