ಲಾಗ್‌ಬುಕ್ ಅವತ್ತವತ್ತೇ ತುಂಬಿ

ಎಂಎಸ್ ಜನರಲ್ ಸರ್ಜರಿಗೆ ಸೇರಿರುವ ಗೆಳೆಯರೇ, ಪರೀಕ್ಷೆ ಎಂದರೆ ಮೂರನೇ ವರ್ಷದ ಕೊನೆಗೆ ಬರುವ ನಾಲ್ಕು ಥಿಯರಿ ಪೇಪರು ಎಂದಷ್ಟೇ ತಿಳಿಯಬೇಡಿ. ಶೇ. 80 ಹಾಜರಾತಿ, ಜಿಲ್ಲಾ ಆಸ್ಪತ್ರೆಯಲ್ಲಿ 3 ತಿಂಗಳ ಕೆಲಸ, ಪ್ರಬಂಧ ಇವೆಲ್ಲ ಅದಕ್ಕೆ ಮೊದಲೇ ಮುಗಿದಿರಬೇಕು. ಪ್ರಬಂಧವನ್ನಂತೂ ಪರೀಕ್ಷೆಗೆ 6 ತಿಂಗಳು ಮುಂಚೆಯೇ ಒಪ್ಪಿಸಬೇಕು. ಹಾಗಾಗಿ ನಿಮ್ಮ ವಾರ್ಡಿಗೆ ದಿನಾ ಬರುವ ಕಾಯಿಲೆಯನ್ನೇ ವಿಷಯವಾಗಿ ಆರಿಸಿಕೊಳ್ಳಿ. ಅಪರೂಪದ ಗೆಡ್ಡೆಯ ಹಿಂದೆ ಬಿದ್ದರೆ ಬೇಕಾದಷ್ಟು ರೋಗಿಗಳೇ ಸಿಗುವುದಿಲ್ಲ.

ನನಗೆ ಹೆಚ್ಚು ಕಳವಳ ಇರುವುದು ಲಾಗ್‌ಬುಕ್ಕಿನ ಬಗ್ಗೆ. ರಾತ್ರಿ ಎರಡಕ್ಕೆ ಅಪೆಂಡಿಕ್ಸ್ ಮುಗಿಸಿ ಗ್ಲೌಸ್ ಬಿಚ್ಚಿದ ಮೇಲೆ, ಮಲಗುವ ಮುಂಚೆ ದಿನಾಂಕ, ಐಪಿ ನಂಬರ್ ಬರೆದಿಡಿ. ನೀವು ಬ್ಲೇಡ್ ಹಿಡಿದಿರೋ, ರಿಟ್ರ್ಯಾಕ್ಟರ್ ಹಿಡಿದು ನಿಂತಿರೋ, ಇದ್ದದ್ದು ಇದ್ದ ಹಾಗೆ ಬರೆಯಿರಿ. ಅದೇ ವಾರ ಗೈಡ್ ಸಹಿ ಹಾಕಿಸಿ. ಮಾಡದ ಆಪರೇಷನ್ನನ್ನು ಮಾಡಿದೆ ಎಂದು ದಯವಿಟ್ಟು ಬರೆಯಬೇಡಿ. ಪರೀಕ್ಷಕರು ಅದನ್ನೇ ಹಿಡಿದು ಒಂದೊಂದು ಹಂತವನ್ನೂ ಕೇಳಬಹುದು.

ಪ್ರಾಕ್ಟಿಕಲ್ ತಯಾರಿಗೆ ವಾರ್ಡೇ ಸಾಕು. ಹರ್ನಿಯಾ ರೋಗಿಯನ್ನು ನಿಲ್ಲಿಸಿ, ಕೆಮ್ಮಿಸಿ ನೋಡದೆ ಕೇಸ್ ಶೀಟ್ ತುಂಬಬೇಡಿ. ಮುಟ್ಟುವ ಮುಂಚೆ ಪರದೆ ಎಳೆಯಿರಿ, ಅವರನ್ನು ಒಂದು ಮಾತು ಕೇಳಿ.